ಮುನ್ಯೇಕಾ ಎಂಬ ಮುಂಗೈ

ಬಂಗಲೆಯ ಅಮ್ಮನವರು ಮಗಳನ್ನು ಏನೆಂದು ಕರೆಯುತ್ತಾರೆ ಅನ್ನುವುದು ಅಂಬಮ್ಮನಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ತಿಳಿದುಹೋಯಿತು. ಮುನ್ಯೇಕಾ. ಹಾಲು ಕುಡಿಸುವಾಗ ಮುನ್ಯೇಕಾ, ತಲೆ ಬಾಚುವಾಗ ಮುನ್ಯೇಕಾ, ಮಲಗಿಸುವಾಗಂತೂ ಉಸಿರಿಗೊಂದು ಮುನ್ಯೇಕಾ. ಮಗುವಿನ ಹೆಸರು ಲೂಸಿಯಾ ಎಂದು ಸಾಹೇಬರು ಹೇಳಿದ್ದನ್ನು ಅವಳು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಗಲೆಲ್ಲ ಗಿರಣಿಯಲ್ಲಿ ನೂಲು ಸುತ್ತುವ ಯಂತ್ರಗಳ ಹಿಂದೆ ಓಡಾಡುವ ಗಂಡಸಿಗೆ ಮನೆಯಲ್ಲಿ ಯಾರು ಯಾರನ್ನು ಏನೆನ್ನುತ್ತಾರೆ ಅನ್ನುವ ಖಬರು ಎಲ್ಲಿಂದ ಬರಬೇಕು. ಆದರೂ ಸಾಹೇಬರ ಮಾತು ತೆಗೆದುಹಾಕಬಾರದು ಎಂದು ಲೂಸಿಯಾ ಅಂದು ನೋಡಿದಳು. ವಾರದೊಳಗೆ ಅದು ಅವಳ ಬಾಯಲ್ಲಿ ಲಚ್ಚವ್ವ ಆಗಿ ಕೂತುಬಿಟ್ಟಿತು.

ಅದು ನಿಜಾಮರ ರಾಜ್ಯ. ಬಟ್ಟೆಯ ಗಿರಣಿ ಬಂದ ಮೇಲೆ ಕಲಬುರ್ಗಿ ಅದರ ಭೋಂಗಾದ ಕೂಗಿಗೆ ಏಳುವುದನ್ನು, ಅದರ ಭೋಂಗಾಕ್ಕೆ ಉಣ್ಣುವುದನ್ನು ರೂಢಿ ಮಾಡಿಕೊಂಡಿತ್ತು. ಸಾಹೇಬರು ವಿಲಾಯತಿಯವರು. ಅಮ್ಮನವರು ಆ ದೇಶದವರಲ್ಲ. ಹರೆಯದಲ್ಲಿ ಸಾಹೇಬರು ಸ್ಪೇನ್ ದೇಶದ ಒಂದು ಬಂದರು ಪಟ್ಟಣಕ್ಕೆ ಗಿರಣಿ ಕೂಡಿಸಲು ಹೋದವರು ಯಂತ್ರದ ಜೊತೆಗೆ ತಮ್ಮ ಸಂಸಾರವನ್ನೂ ಕೂಡಿಸಿಕೊಂಡು ಬಂದಿದ್ದರು. ಅಮ್ಮನವರ ಹೆಸರು ಇನೇಸ್. ಗಂಡನ ಕೂಡ ಇಂಗ್ಲಿಷು, ಅಡಿಗೆಯವನ ಕೂಡ ಮುರುಕು ಉರ್ದು, ಅಂಬಮ್ಮನ ಕೂಡ ಅರೆಬರೆ ಕನ್ನಡ ಆಡುತ್ತಿದ್ದರು. ಮಗಳ ಕೂಡ ಮಾತ್ರ ತಮ್ಮ ತವರಿನ ಸ್ಪ್ಯಾನಿಷು. ಹೆಂಗಸು ಏಳು ಸಮುದ್ರ ದಾಟಿ ಹೋದರೂ ಮಗುವನ್ನು ಎದೆಗೆ ಹಾಕಿಕೊಂಡಾಗ ಬಾಯಿಗೆ ಬರುವುದು ತವರಿನ ಮಾತೇ. ಅದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ.

ಮುನ್ಯೇಕಾ ಅಂದರೆ ಮಗಳು ಇರಬೇಕು ಎಂದು ಅಂಬಮ್ಮ ತಿಳಿದುಕೊಂಡಿದ್ದಳು. ಒಂದು ದಿನ ಹಡಗಿನ ಮೇಲೆ ಪೆಟ್ಟಿಗೆಯೊಂದು ಬಂತು. ಅದರೊಳಗೆ ಹುಲ್ಲಿನ ನಡುವೆ ಬೊಂಬೆಯೊಂದು ಮಲಗಿತ್ತು. ಅಮ್ಮನವರು ಅದನ್ನೆತ್ತಿ ಮಗಳಿಗೆ ತೋರಿಸಿ "ಮುನ್ಯೇಕಾ" ಅಂದರು. ಹೌದಲ್ಲ, ಬೊಂಬೆ. ನಾವು ಮುದ್ದಿನ ಮಗುವನ್ನು ಗೊಂಬಿ ಅನ್ನುವುದಿಲ್ಲವೇ ಎಂದು ಅಂಬಮ್ಮ ಸಮಾಧಾನ ಮಾಡಿಕೊಂಡಳು. ಆ ದೇಶದವರೂ ನಮ್ಮಂಥವರೇ ಅನ್ನಿಸಿ ಅವರ ಮೇಲೆ ಅವಳಿಗೆ ಸ್ವಲ್ಪ ವಿಶ್ವಾಸ ಹುಟ್ಟಿತು.

ಆ ವಿಶ್ವಾಸ ಬಹಳ ದಿನ ಉಳಿಯಲಿಲ್ಲ. ಲಚ್ಚವ್ವ ಕಟ್ಟೆಯಿಂದ ಬಿದ್ದು ಕೈ ಊರಿ ಚೀರಿದಳು. ಅಮ್ಮನವರು ಓಡಿ ಬಂದು ಮಗುವನ್ನೆತ್ತಿಕೊಂಡು "ಮುನ್ಯೇಕಾ, ಮುನ್ಯೇಕಾ" ಎಂದು ಅಂಬಮ್ಮನ ಕಡೆ ನೋಡಿದರು. ಅಂಬಮ್ಮ ಒಳಗೆ ಓಡಿ ಬೊಂಬೆ ತಂದು ಮುಂದೆ ಹಿಡಿದಳು. ಅಮ್ಮನವರು ಅಳುವ ಮಗುವನ್ನು ಹಿಡಿದುಕೊಂಡೇ ನಕ್ಕುಬಿಟ್ಟರು. ಆಮೇಲೆ ಅದರ ಊದಿದ ಮುಂಗೈಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, "ಇದು. ಇದು ಮುನ್ಯೇಕಾ" ಅಂದರು.

ಅಂಬಮ್ಮ ಮುಂಗೈಗೆ ಅರಿಸಿನದ ಪಟ್ಟು ಹಾಕುತ್ತ ಯೋಚನೆ ಮಾಡಿದಳು. ಮಗಳೂ ಅದೇ, ಬೊಂಬೆಯೂ ಅದೇ, ಮುಂಗೈಯೂ ಅದೇ ಅಂದರೆ ಆ ದೇಶದಲ್ಲಿ ಮಾತಿಗೆ ಬರಗಾಲ ಬಿದ್ದಿದೆಯೇ? ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟಳು.

"ಅಮ್ಮಾರೆ, ಬೊಂಬಿಗೂ ಮುಂಗೈಗೂ ಏನ್ ಸಂಬಂಧರಿ?"

ಅಮ್ಮನವರು ತಮ್ಮ ಮುಂಗೈಯನ್ನೇ ತಿರುಗಿಸಿ ನೋಡಿಕೊಂಡರು. "ಗೊತ್ತಿಲ್ಲ, ಅಂಬಾ. ನನ್ನ ಅವ್ವ ಕರೀತಿದ್ದಳು. ನಾನು ಕೇಳಲಿಲ್ಲ," ಅಂದರು. ಅಷ್ಟು ಹೇಳಿ ಮಗಳ ಪಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡರು. ಅಂಬಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮಗುವಿನ ಕೈ ಹಿಡಿದು ನಡೆಸುವಾಗಲೆಲ್ಲ ಅದು ನೆನಪಾಗುತ್ತಿತ್ತು.

ಅವಳ ಸ್ವಂತ ಮುಂಗೈಗಳು ಬರಿದಾಗಿದ್ದವು. ಕಮಲಾಪುರದ ಹುಡುಗಿ ಅಂಬಮ್ಮನನ್ನು ಕೋಟನೂರಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಊರಿಗೆ ಪ್ಲೇಗು ಬಂದು ಗಂಡ ಜಗದೇವಪ್ಪನನ್ನು ಎತ್ತಿಕೊಂಡು ಹೋಯಿತು. ಪ್ಲೇಗು ಕೋಟನೂರಿನಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿಸಿತ್ತು. ಆದರೆ ಅತ್ತೆಯ ಕಣ್ಣಿಗೆ ಇಲಿಯೂ ಬೀಳಲಿಲ್ಲ, ಮಗನ ಕಂಕುಳ ಗಂಟೂ ಬೀಳಲಿಲ್ಲ. ಬಿದ್ದದ್ದು ಸೊಸೆಯ ಕಾಲು. ಇವಳ ಕಾಲ್ಗುಣದಿಂದ ಮಗ ಹೋದ ಅಂದಳು. ಮಗನನ್ನು ಕಳಕೊಂಡ ಮುದುಕಿ ಏನೋ ಅಂದಳು, ಬಿಡೋಣ. ಕೇಳಿದವರು ಬಿಡಲಿಲ್ಲವಲ್ಲ. ಕಮಲಾಪುರದಲ್ಲಿ ಅಣ್ಣ ಮಲ್ಲಣ್ಣನ ಮನೆಗೆ ಬಂದರೆ, ಅತ್ತಿಗೆ ದುಂಡಮ್ಮ ಬಾಯಿಬಿಟ್ಟು ಒಂದು ಮಾತೂ ಅನ್ನದೆ, ಮುಂಜಾನೆ ಬಿತ್ತಲು ಹೊರಟ ಗಂಡನ ಎದುರಿಗೆ ನಾದಿನಿ ಬರದಂತೆ ಅಡಿಗೆಮನೆಯ ಬಾಗಿಲು ಮುಂದೆ ಮಾಡುತ್ತಿದ್ದಳು. ಅದಕ್ಕೇ ಗಿರಣಿಯಲ್ಲಿದ್ದ ಪರಿಚಯದವರ ಕೈಕಾಲು ಹಿಡಿದು ಮಲ್ಲಣ್ಣ ತಂಗಿಯನ್ನು ಬಂಗಲೆಯ ಕೆಲಸಕ್ಕೆ ಹಚ್ಚಿದ್ದ. ಕೆಟ್ಟವನಲ್ಲ ಅವನು. ಎರಡು ಹೆಂಗಸರ ನಡುವೆ ಸಿಕ್ಕ ಗಂಡಸು, ಅಷ್ಟೇ.

ಆ ಮಲ್ಲಣ್ಣ ಒಂದು ಸಂತೆಯ ದಿನ ಕೆಂಪು ಬಾಳೆಯ ಗೊನೆ ಹೊತ್ತುಕೊಂಡು ಬಂಗಲೆಯ ಹಿತ್ತಲಿಗೆ ಬಂದ. ಕಮಲಾಪುರದ ಕೆಂಬಾಳೆ ಅಂದರೆ ಆ ಸೀಮೆಗೆಲ್ಲ ಹೆಸರು. ಗೊನೆ ಇಳಿಸಿ ಬೆವರು ಒರೆಸಿಕೊಂಡು, ತಂಗಿಯ ಮುಖ ನೋಡದೆ ಗೊನೆಯನ್ನೇ ನೋಡುತ್ತ ಹೇಳಿದ.

"ಇದು ಮಾಳಿಂಗಪ್ಪನ ತೋಟದ್ದು. ಅವನೇ ಕೊಟ್ಟು ಕಳ್ಸ್ಯಾನ."

"ಯಾಕ?"

"ನಿನ್ನ ಉಡಿಕಿ ಮಾಡ್ಕೊತೀನಿ ಅಂತಾನ. ಹಿರ್ಯಾರ ಮುಂದ ಕೇಳ್ಯಾನ. ಬರೂ ಅಮಾಸಿಗಿ ಮುಗಿಸಿಬಿಡಮು ಅಂತಾರ ಎಲ್ಲಾರೂ. ನೀ ಏನಂತಿ?"

ಗಂಡ ಸತ್ತವಳಿಗೆ ಎರಡನೆಯ ಮದುವೆ ಅವರ ಜನದಲ್ಲಿ ಇತ್ತು. ಅದಕ್ಕೆ ಉಡಿಕಿ ಅನ್ನುತ್ತಿದ್ದರು. ಹಂದರವಿಲ್ಲ, ವಾಲಗವಿಲ್ಲ. ಅಮಾವಾಸ್ಯೆಯ ಕತ್ತಲಲ್ಲಿ, ಮುತ್ತೈದೆಯರು ಯಾರೂ ಎದುರಿಗೆ ಬಾರದಂತೆ ಬಾಗಿಲು ಹಾಕಿಕೊಂಡಾಗ, ಹೊಸ ಸೀರೆ ಉಡಿಸಿ ಬಳೆ ಇಡಿಸಿ ಹಿಂದಿನ ದಾರಿಯಿಂದ ಕರೆದೊಯ್ಯುವುದು. ಆದರೆ ಅಂಬಮ್ಮನ ಎದೆ ಬಡಿದುಕೊಂಡದ್ದು ಆ ಕತ್ತಲಿಗಲ್ಲ, ಮಾಳಿಂಗಪ್ಪನ ಹೆಸರಿಗೆ. ಪ್ಲೇಗಿನ ಕಾಲದಲ್ಲಿ ಕಮಲಾಪುರದವರೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆಗ ತಾನೇ ಗಂಡನನ್ನು ಮಣ್ಣು ಮಾಡಿ ಬಂದ ಅಂಬಮ್ಮನ ಗುಡಿಸಲಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಮಾಳಿಂಗಪ್ಪ ಮಾತ್ರ ದಿನಾ ಒಂದು ಕೊಡ ನೀರು ತಂದಿಟ್ಟು, ಕೆಮ್ಮಿ, ಹೋಗುತ್ತಿದ್ದ. ಅವನ ಹೆಂಡತಿಯೂ ಅದೇ ಬೇನೆಯಲ್ಲಿ ಹೋದಳೆಂದು ಅವಳಿಗೆ ಆಮೇಲೆ ತಿಳಿಯಿತು. ಆ ಕೆಮ್ಮು ಅವಳಿಗೆ ಈಗಲೂ ಕಿವಿಯಲ್ಲಿದೆ. ಆ ಮನುಷ್ಯನ ಮೇಲೆ ಅವಳಿಗೆ ಮನಸ್ಸಿತ್ತು. ಮನಸ್ಸಿದ್ದದ್ದಕ್ಕೇ ಅವಳು ಬೇಡ ಅನ್ನಬೇಕಾಗಿತ್ತು.

"ಬ್ಯಾಡಣ್ಣ. ನನ್ನ ಕಾಲು ಅವನ ಮನಿಗಿ ಬ್ಯಾಡ. ಅವ ಇದ್ದಲ್ಲಿ ಛಲೋ ಇರ್ಲಿ."

ಮಲ್ಲಣ್ಣ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಅಮಾಸಿ ಇನ್ನಾ ದೂರ ಅದ. ಇಚಾರ ಮಾಡು," ಎಂದು ಎದ್ದು ಹೋದ. ಅಂಬಮ್ಮ ಲಚ್ಚವ್ವನಿಗೆ ಕೆಂಬಾಳೆ ಸುಲಿದು ಕೊಟ್ಟಳು. ತಾನು ಒಂದೂ ತಿನ್ನಲಿಲ್ಲ.

ಕೆಲವು ದಿನ ಕಳೆದು ಲಚ್ಚವ್ವನ ಹುಟ್ಟಿದ ದಿನ ಬಂತು. ಊರಿನ ಹುಡುಗಿಯರ ಕೈ ನೋಡಿ ಅದು ತನಗೂ ಬಳೆ ಬೇಕೆಂದು ಜೀವ ತಿಂದಿತ್ತು. ಅಮ್ಮನವರು ಬಳೆಗಾರ ಶಫಿಯನ್ನು ಕರೆಸಿದರು. ಕಲಬುರ್ಗಿಯ ಸುತ್ತಲಿನ ಊರುಗಳಲ್ಲಿ ಶಫಿ ಕೈ ಹಿಡಿಯದ ಹೆಂಗಸಿಲ್ಲ ಅನ್ನುತ್ತಿದ್ದರು. ನರೆತ ಗಡ್ಡದ, ನಾಲಿಗೆ ಸಡಿಲವಿದ್ದ, ಕೈ ಮಾತ್ರ ಬೆಣ್ಣೆಯಂಥ ಮುದುಕ. ಪಡಸಾಲೆಯಲ್ಲಿ ಚಾದರ ಹಾಸಿ, ದಾರದಲ್ಲಿ ಪೋಣಿಸಿದ ಬಳೆಗಳ ಗೊಂಚಲು ಬಿಚ್ಚಿದ. ಲಚ್ಚವ್ವನ ಎರಡು ಕೈಗೂ ಹಸಿರು, ಕೆಂಪು ಏರಿಸಿ, "ನೋಡ್ರಿ ಮೇಮ್‌ಸಾಬ್, ಖಾಸ್ ನಮ್ಮ ಕಲಬುರ್ಗಿ ಬೇಟಿ ಆದ್ಳು," ಅಂದ. ಆಮೇಲೆ ಲಚ್ಚವ್ವ ಬೊಂಬೆಯ ಕೈಯನ್ನೂ ಮುಂದೆ ಮಾಡಿದಳು. ಅಷ್ಟು ಸಣ್ಣ ಬಳೆ ಬಾಜಾರಿನಲ್ಲೇ ಇಲ್ಲವೆಂದು ಶಫಿ ಬಹಳ ಗಂಭೀರವಾಗಿ ಕ್ಷಮೆ ಕೇಳಿದ.

ಅಷ್ಟರಲ್ಲಿ ಅಮ್ಮನವರು ಪಕ್ಕದಲ್ಲಿ ಕೂತಿದ್ದ ಅಂಬಮ್ಮನ ಕೈ ಎತ್ತಿ ಶಫಿಯ ಕೈಯಲ್ಲಿ ಇಟ್ಟರು.

"ಇವಳ ಮುನ್ಯೇಕಾ. ಇದಕ್ಕೂ ಹಾಕು."

ಅಂಬಮ್ಮನ ಗಂಡ ಸತ್ತದ್ದು ಅಮ್ಮನವರಿಗೆ ಗೊತ್ತಿತ್ತು. ಆದರೆ ಅವರ ದೇಶದಲ್ಲಿ ಗಂಡ ಸತ್ತವಳು ಕಪ್ಪು ಬಟ್ಟೆ ಉಡುತ್ತಾಳೆ. ಅಂಬಮ್ಮ ಕಪ್ಪು ಉಟ್ಟಿರಲಿಲ್ಲ. ಅಲ್ಲಿಗೆ ದುಃಖದ ದಿನ ತೀರಿತು, ಬಳೆಗೆ ಕಾಸಿಲ್ಲದೆ ಬರಿಗೈಯಲ್ಲಿದ್ದಾಳೆ ಎಂದು ಪಾಪ ಅವರು ತಿಳಿದಿದ್ದರು. ಅಂಬಮ್ಮ ಕೈ ಎಳೆದುಕೊಳ್ಳಬೇಕಾಗಿತ್ತು. ಎಳೆದುಕೊಳ್ಳಲಿಲ್ಲ. ಶಫಿಯ ಬೆರಳು ಮುಂಗೈಗೆ ತಾಗಿದ್ದೇ ತಡ, ಹೊಸ ಬಳೆಯ ತಂಪು, ಗಿಲಕು, ತಾನು ಮದುಮಗಳಾಗಿ ಕೂತಿದ್ದ ಹೊತ್ತು ಎಲ್ಲ ಒಟ್ಟಿಗೆ ಬಂದು ಅವಳ ಮೈ ಕಲ್ಲಾಯಿತು.

ಶಫಿ ಅವಳ ಮುಖ ನೋಡಿದ. ಕೋಟನೂರಿನಲ್ಲಿ ಅವಳಿಗೆ ಮದುವೆಯ ಬಳೆ ಇಟ್ಟವನು ಅವನೇ. ಈಗ ಅವನು ಇಕ್ಕಟ್ಟಿನಲ್ಲಿ ಬಿದ್ದ. ಗಂಡ ಸತ್ತವಳಿಗೆ ಬಳೆ ಇಟ್ಟರೆ ಊರು ಅವನನ್ನು ಅಂಗಳ ಹತ್ತಿಸದು. ಆದರೆ ತನ್ನ ಕೈಗೆ ಬಂದ ಮುಂಗೈಯನ್ನು ಬರಿದಾಗಿ ಬಿಡುವುದು ಬಳೆಗಾರನ ಧಂದೆಯಲ್ಲೇ ಇಲ್ಲ. ಅಜ್ಜನ ಕಾಲದಿಂದ ನಡೆದು ಬಂದ ಕಟ್ಟು. ಕಡೆಗೆ ಬಳೆ ಪೋಣಿಸಿದ ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಅವಳ ಮುಂಗೈಗೆ ಸುತ್ತಿ ಗಂಟು ಹಾಕಿದ.

ಒಡೆದ ಬಳೆ ತೆಗೆದು ಹೊಸದು ಸಿಗುವ ತನಕ ಮುತ್ತೈದೆಯರು ಹಾಗೆ ದಾರ ಸುತ್ತಿಕೊಳ್ಳುತ್ತಾರೆ. ಅಂಬಮ್ಮನಿಗೆ ಅದು ಗೊತ್ತಿತ್ತು.

"ಚಾಚಾ, ಏನ್ ಮಾಡಿದ್ರಿ ಇದು?" ಅವಳು ದಾರದ ಮೇಲೆ ಸೆರಗು ಎಳೆದುಕೊಂಡಳು.

"ಇದು ಬಳಿ ಅಲ್ಲ ಬೇಟಿ. ಬಳೀದು ಜಾಗಾ. ಜಾಗಾ ಹಿಡಿದಿಟ್ಟೀನಿ, ಅಷ್ಟೇ. ಬ್ಯಾಡಂದ್ರ ಕತ್ರಿಸಿ ಒಗಿ, ನಾ ಕೇಳಂಗಿಲ್ಲ," ಎಂದು ಶಫಿ ಚಾದರದ ಗಂಟು ಕಟ್ಟಿಕೊಂಡು ಹೋದ.

ಅವನು ಹೋದ ಮೇಲೆ ಅಂಬಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತಳು. ಅಮ್ಮನವರು ಗಾಬರಿಯಾಗಿ ಬಂದರು. ತಾವೇನೋ ತಪ್ಪು ಮಾಡಿದೆವೆಂದು ತಿಳಿದಿತ್ತು; ಏನೆಂದು ತಿಳಿದಿರಲಿಲ್ಲ. ಅಂಬಮ್ಮ ಹೇಳಲು ನೋಡಿದಳು. ಮಾಳಿಂಗಪ್ಪ ಅಂದಳು, ಉಡಿಕಿ ಅಂದಳು, ಕಾಲ್ಗುಣ ಅಂದಳು. ಒಂದೂ ಅಮ್ಮನವರ ತಲೆಗೆ ಹೋಗಲಿಲ್ಲ. ಕಡೆಗೆ ತನ್ನ ಪಾದ ತೋರಿಸಿ, "ಈ ಕಾಲು ಸರಿ ಇಲ್ರಿ ಅಮ್ಮಾರೆ. ಈ ಕಾಲು ಕೆಟ್ಟದ್ದು," ಅಂದಳು.

ಕಾಲು ಅನ್ನುವುದು ಅಮ್ಮನವರಿಗೆ ಗೊತ್ತಿತ್ತು. ಅವರು ಸರಸರ ಒಳಗೆ ಹೋಗಿ ಬೋಗುಣಿಯಲ್ಲಿ ಬಿಸಿನೀರು ತಂದರು, ಉಪ್ಪು ಹಾಕಿದರು, ನೆಲಕ್ಕೆ ಮೊಣಕಾಲೂರಿ ಅಂಬಮ್ಮನ ಎರಡೂ ಪಾದ ನೀರಲ್ಲಿಟ್ಟು ತಿಕ್ಕತೊಡಗಿದರು. ಹಿಂದೆ ಒಮ್ಮೆ ಮುಂಗೈ ನೊಂದಾಗ ಬೊಂಬೆ ತಂದವಳಿಗೆ, ಈಗ ಹಣೆಬರಹ ನೊಂದಾಗ ಉಪ್ಪುನೀರು ಬಂತು. "ಇಲ್ಲಿ ನೋವಾ? ಇಲ್ಲಿ?" ಎಂದು ಅಮ್ಮನವರು ಬೆರಳು ಬೆರಳು ಒತ್ತಿ ಕೇಳುತ್ತಿದ್ದರು. ಹಿಮ್ಮಡಿಯ ಬಿರುಕು ಕಂಡು ಬೈದರು, ಯಾವ ಭಾಷೆಯಲ್ಲೋ. ಲಚ್ಚವ್ವ ಬಳೆ ಒದ್ದೆ ಮಾಡಿಕೊಂಡು ತಾನೂ ಕೈ ಹಾಕಿದಳು.

ಕೋಟನೂರಿನಿಂದ ಹೊರಬಿದ್ದ ದಿನದಿಂದ ಆ ಪಾದಗಳನ್ನು ಜನ ನೋಡಿದ್ದರು, ಬೈದಿದ್ದರು, ಎದುರಿಗೆ ಬಂದರೆ ಬಾಗಿಲು ಮುಂದೆ ಮಾಡಿದ್ದರು. ಯಾರೂ ಮುಟ್ಟಿರಲಿಲ್ಲ. ಅಂಬಮ್ಮ ಕಾಲು ಎಳೆದುಕೊಳ್ಳಲಿಲ್ಲ, ಅಮ್ಮನವರ ತಪ್ಪು ತಿದ್ದಲೂ ಇಲ್ಲ. ಬೋಗುಣಿಯ ನೀರು ಆರುವ ತನಕ ಹಾಗೇ ಕೂತಿದ್ದಳು, ಅಳು ತಾನಾಗಿ ನಿಂತಿತು.

ದಾರವನ್ನು ಅವಳು ಅಂದು ಕತ್ತರಿಸಲಿಲ್ಲ. ನಾಳೆ ನೋಡೋಣ ಅಂದುಕೊಂಡಳು. ನಾಳೆಯೂ ಕತ್ತರಿಸಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಾಗ ಅಮ್ಮನವರನ್ನು ಕೇಳಿ, ಕಮಲಾಪುರದ ಕಡೆ ಹೊರಟ ಗಾಡಿ ಹತ್ತಿದಳು. ಅಣ್ಣನ ಮನೆಗೆ ಹೋಗದೆ ನೇರ ತೋಟಕ್ಕೆ ಹೋದಳು. ಮಾಳಿಂಗಪ್ಪ ಬಾಳೆಯ ಬುಡಕ್ಕೆ ಮಣ್ಣು ಏರಿಸುತ್ತಿದ್ದ. ಅವಳನ್ನು ಕಂಡು ಗುದ್ದಲಿ ಬಿಟ್ಟು, ಏನು ಮಾಡಬೇಕೋ ತಿಳಿಯದೆ, ಕೆಮ್ಮಿದ.

"ನಾ ಬ್ಯಾಡ ಅಂದಿದ್ದು ನಿನ್ನ ಮ್ಯಾಲ ಸಿಟ್ಟಿಗಲ್ಲ," ಅಂಬಮ್ಮ ನಿಂತಲ್ಲೇ ಹೇಳಿದಳು. "ಎದುರಿಗಿ ಹೇಳಬೇಕಂತ ಬಂದೀನಿ. ನಿನಗ ಏನರ ಆದ್ರ ನಾ ತಾಳಂಗಿಲ್ಲ. ಕೋಟನೂರಾಗ ಕಾಲಿಟ್ಟೆ, ಏನಾತು ಗೊತ್ತದಲ್ಲ."

ಮಾಳಿಂಗಪ್ಪ ಕೈಯ ಮಣ್ಣು ಒರೆಸಿಕೊಂಡ. ಮಾತು ಕಡಿಮೆ ಇದ್ದ ಮನುಷ್ಯ. ಹುಡುಕಿ ಹುಡುಕಿ ತೆಗೆದ.

"ಅದೇ ಬ್ಯಾನ್ಯಾಗ ನನ್ನ ಹೆಣ್ತೀನೂ ಹೋದ್ಳು. ನನ್ನ ಕಾಲ ಯಾರೂ ನೋಡ್ಲಿಲ್ಲ. ಉಣ್ಣು, ಗಟ್ಟಿಯಾಗು, ಇನ್ನೊಂದು ಮಾಡ್ಕೋ ಅಂದ್ರು." ಗುದ್ದಲಿ ಎತ್ತಿ ಬಾಳೆಗೆ ಒರಗಿಸಿದ. "ನೀನು ಹೇಳೂ ಲೆಕ್ಕದಾಗ, ನೀನೇ ನನ್ನ ನೋಡಿ ಅಂಜಬೇಕಾಗಿತ್ತು."

ಅಂಬಮ್ಮನಿಗೆ ಇದು ಎಂದೂ ಹೊಳೆದಿರಲಿಲ್ಲ. ಇಡೀ ಊರಿಗೇ ಹೊಳೆಯದ್ದು ಅವಳಿಗೊಬ್ಬಳಿಗೆ ಎಲ್ಲಿಂದ ಹೊಳೆಯಬೇಕು. ಅವನ ಮಣ್ಣು ಮೆತ್ತಿದ ಪಾದಗಳನ್ನು ನೋಡಿದಳು. ಅವು ಬರೀ ಕಾಲುಗಳಾಗಿದ್ದವು.

"ನಾ ಅಂಜಂಗಿಲ್ಲ," ಅಂದಳು.

"ನಾನೂ ಅಂಜಂಗಿಲ್ಲ," ಅಂದ ಮಾಳಿಂಗಪ್ಪ. ಆಗ ಅವನ ಕಣ್ಣು ಅವಳ ಮುಂಗೈಯ ದಾರದ ಮೇಲೆ ಬಿತ್ತು. ಅದೇನೆಂದು ಅವನು ಕೇಳಲಿಲ್ಲ. ಕಿವಿ ಕೆಂಪಗಾದವು. "ಅಮಾಸಿ ಕತ್ತಲಾಗ ಬ್ಯಾಡ. ನಾ ಏನ್ ಕಳ್ಳತನ ಮಾಡಾಕತ್ತೀನೇನು? ಹಗಲೇ ಬಾ," ಅಂದ.

ಬಂಗಲೆಗೆ ತಿರುಗಿ ಬಂದು ಸುದ್ದಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಲಚ್ಚವ್ವ ಸೆರಗು ಹಿಡಿದು ಬಿಡಲೊಲ್ಲಳು. ಗಂಡನ ಮನೆಗೆ ಹೋಗುತ್ತಿದ್ದಾಳೆ ಅನ್ನುವಷ್ಟು ಅಮ್ಮನವರಿಗೆ ಚೆನ್ನಾಗಿ ತಿಳಿಯಿತು. ಹೊರಡುವ ದಿನ ಗೇಟಿನ ತನಕ ಬಂದು, ಅಂಬಮ್ಮನ ಮುಂಗೈ ಹಿಡಿದು ನಿಂತರು. ಗಾಡಿಯವನು ಎತ್ತು ಹೂಡಿ ಆಗಿತ್ತು. ಅಮ್ಮನವರು ಕೈ ಬಿಡಲಿಲ್ಲ. "ಮುನ್ಯೇಕಾ," ಅಂದರು.

ಬೊಂಬೆಯೋ, ಮುಂಗೈಯೋ, ಮಗಳೋ, ಯಾವ ಅರ್ಥದಲ್ಲಿ ಅಂದರು ಎಂದು ಅಂಬಮ್ಮ ಕೇಳಲಿಲ್ಲ. ಬೇರೆ ಬೇರೆ ಅನ್ನಿಸಲೂ ಇಲ್ಲ. ಕಳೆದುಹೋಗಬಾರದೆಂದು ಯಾರನ್ನು ಹೀಗೆ ಹಿಡಿದುಕೊಳ್ಳುತ್ತೇವೋ ಅವರ ಹೆಸರು ಅದು. ಅಮ್ಮನವರ ತಾಯಿ ಮಗಳಿಗೆ ಹೇಳದೆ ಬಿಟ್ಟದ್ದು ಇಷ್ಟೇ ಇರಬೇಕು ಎಂದು ಅವಳಿಗೆ ತಿಳಿಯಿತು. ತಿಳಿದದ್ದನ್ನು ಹೇಳಲು ಅವಳ ಹತ್ತಿರ ಸ್ಪ್ಯಾನಿಷು ಇರಲಿಲ್ಲ. ಬಗ್ಗಿ ಅಮ್ಮನವರ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಗಾಡಿ ಹತ್ತಿದಳು.

ಹಗಲು ಹೊತ್ತಿನ ಉಡಿಕಿ ಅಂದಾಗ ಕಮಲಾಪುರದ ಹಿರಿಯರು ಗೊಣಗಿದರು. ದುಂಡಮ್ಮ ಇದೆಲ್ಲಿಯ ಹೊಸ ನಮೂನಿ ಅಂದಳು. ಮಲ್ಲಣ್ಣ ಮಾತ್ರ ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಎದುರಿಗೆ ದನಿ ಎತ್ತರಿಸಿ, "ನನ್ನ ತಂಗಿ, ನಾ ಹಗಲೇ ಕಳಸ್ತೀನಿ," ಅಂದ. ಶಫಿ ಕಲಬುರ್ಗಿಯಿಂದ ಗಾಡಿಯಲ್ಲಿ ಬಂದು, ಮಾಳಿಂಗಪ್ಪನ ಅಂಗಳದ ಬೇವಿನ ಕೆಳಗೆ ಕೂತು, ದಾರ ಬಿಚ್ಚಿ ಹಸಿರು ಬಳೆ ಏರಿಸಿದ. ಓಣಿಯ ಹೆಂಗಸರು ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಬಾಗಿಲ ಸಂದಿಯಿಂದ ನೋಡಿದರು.

ಬಳೆಯಾದ ಮೇಲೆ ಉಳಿದದ್ದು ಮನೆ ಹೊಗುವುದು. ಅಂಬಮ್ಮ ಹೊಸ್ತಿಲ ತನಕ ಧೈರ್ಯವಾಗಿಯೇ ಬಂದಳು. ಬಂದು ನಿಂತುಬಿಟ್ಟಳು. ತೋಟದಲ್ಲಿ ಅಂಜಂಗಿಲ್ಲ ಅಂದಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಇಂಥದ್ದೇ ಒಂದು ಹೊಸ್ತಿಲನ್ನು ಅವಳು ಹಿಂದೆ ನಗುತ್ತ ದಾಟಿದ್ದಳು. ಬಲಗಾಲು ಎತ್ತಿದಳು, ಇಳಿಸಿದಳು. ನಿರಿಗೆ ಹಿಡಿದ ಕೈಯಲ್ಲಿ ಹೊಸ ಬಳೆಗಳು ಸದ್ದು ಮಾಡಿದವು. ಹಿಂದೆ ನಿಂತ ಜನ ನೋಡುತ್ತಿದ್ದರು.

ಮಾಳಿಂಗಪ್ಪ ಒಳಗಿನಿಂದ ಹೊರಗೆ ಬಂದ. ಹೊಸ್ತಿಲು ದಾಟಿ ಅವಳ ಪಕ್ಕದಲ್ಲಿ ನಿಂತು, ತನ್ನ ಸ್ವಂತ ಮನೆಯನ್ನು ಹೊರಗಿನವನ ಹಾಗೆ ಒಮ್ಮೆ ನೋಡಿ, ಬಳೆಗಳ ಮೇಲಿಂದ ಅವಳ ಮುಂಗೈ ಹಿಡಿದ.

"ಇಬ್ರೂ ಕೂಡಿ ಇಡಮು," ಅಂದ ಮೆಲ್ಲಗೆ. "ಮುಂದ ಏನಾದ್ರೂ, ಯಾರ ಕಾಲಂತ ಯಾರಿಗೂ ಹೇಳಾಕ ಬರಬಾರದು."